ಬಾಣಂತನಕ್ಕೆ ಹೋಗಿ ಬಾಗಿಲಾಚೆ ನಿಂತದ್ದು

ನಮ್ಮ ಓಣಿಯಲ್ಲಿ ನನಗೆ ಪೊಲೀಸ್ ಶಾಂತವ್ವ ಎಂದು ಹೆಸರು. ಆ ಹೆಸರು ಇಟ್ಟವಳು ಯಾರೆಂದು ನನಗೆ ಗೊತ್ತಿದೆ. ಅವಳ ಸೊಸೆಯ ಬಾಣಂತನವನ್ನೂ ನಾನೇ ಮಾಡಿದ್ದೇನೆ, ಇರಲಿ. ಬನಹಟ್ಟಿಯ ನಮ್ಮ ನೇಕಾರರ ಮನೆಗಳಲ್ಲಿ ಹೆರಿಗೆಯಾದರೆ ಕೂಸಿಗೆ ಎರೆಯಲಿಕ್ಕೆ, ಬಾಣಂತಿಗೆ ಬಿಸಿನೀರು ಹಾಕಿ ಶೇಗಡಿಯ ಕೆಂಡಕ್ಕೆ ಮೈ ಕಾಯಿಸಲಿಕ್ಕೆ ನನ್ನನ್ನು ಕರೆಯುತ್ತಾರೆ. ಕರೆದ ಮೇಲೆ ಆ ಕೋಣೆಯ ಬಾಗಿಲು ನನ್ನದು. ಹೊರಗಿನಿಂದ ಬಂದವರು ಯಾರೇ ಇರಲಿ, ಕಾಲು ತೊಳೆದು ಕಟ್ಟೆಯ ಮೇಲೆ ಕೂತು ಮೈ ಆರಿಸಿಕೊಳ್ಳಬೇಕು. ಆಮೇಲೆ ಹೊಸ್ತಿಲಾಚೆ ನಿಂತು ಕೂಸನ್ನು ನೋಡಬೇಕು. ನೆಗಡಿಯೋ ಜ್ವರವೋ ಇದ್ದವರಿಗೆ ಅದೂ ಇಲ್ಲ. ಒಮ್ಮೆ ಮುಧೋಳದಿಂದ ಬಸ್ಸಿನಲ್ಲಿ ಸೀನುತ್ತ ಬಂದ ಸೋದರತ್ತೆಯ ಕೈಯಿಂದ ಕುಲಾವಿ ಇಸಿದುಕೊಂಡು, ಅಂಗಳದಲ್ಲೇ ಚಹಾ ಕುಡಿಸಿ ತಿರುಗಿ ಕಳಿಸಿದ್ದೇನೆ. “ಹೊರಗಿನ ಗಾಳಿ ಹೊತಗೊಂಡು ಬಂದೀರಿ, ಅಲ್ಲೇ ನಿಂದರ್ರಿ” ಎಂದು ನಾನು ಅಂದರೆ ನಿಲ್ಲದವರು ನಮ್ಮ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ.

ಇಂಥ ನಾನು ನನ್ನ ಒಬ್ಬಳೇ ಮಗಳ ಬಾಣಂತನಕ್ಕೆಂದು ಸಮುದ್ರ ದಾಟಿ ಹೋಗಿ, ಏನಾದೆ ಎಂಬುದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಮೊನ್ನೆ ಜಮಖಂಡಿಯ ದವಾಖಾನೆಯಲ್ಲಿ ಬೆಂಚಿನ ಮೇಲೆ ನನ್ನ ಪಾಳಿ ಕಾಯುತ್ತ ಕೂತಿದ್ದೆ. ಪಕ್ಕದಲ್ಲೊಬ್ಬ ಬೀಳಗಿ ಕಡೆಯ ಹೆಣ್ಣುಮಗಳು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ಕ್ಷಯ ಅಂತೆ. “ನನ್ನ ಮಗನ್ನ ನನಗ ಮುಟ್ಟಾಕ ಬಿಡವಲ್ರು ಬೇ ಯಕ್ಕಾ” ಅಂದಳು. ಸಮಾಧಾನದ ಮಾತು ನನಗೆ ಬರುವುದಿಲ್ಲ, ಬಾಯಿ ಮೊದಲೇ ಜೋರು. ಅದಕ್ಕೆ ನನ್ನದೇ ಕಥೆ ಹೇಳಿದೆ. ಅವಳು ಅಳು ನಿಲ್ಲಿಸಿ ಕೇಳಿದಳು. ಅದಕ್ಕೇ ಬರೆದಿಡುತ್ತಿದ್ದೇನೆ.

ಹಂದಿಜ್ವರ ಅಂತ ಟಿವಿಯಲ್ಲಿ ಬರಲು ಶುರುವಾದ ವರ್ಷ, ಎರಡು ಸಾವಿರದ ಒಂಬತ್ತು. ನನ್ನ ಮಗಳು ಸವಿತಾ ಸಿಂಗಾಪುರದಲ್ಲಿದ್ದಳು. ಅಳಿಯ ಬಸವರಾಜ ಜಮಖಂಡಿಯವನು, ಅಲ್ಲಿ ಹಡಗು ಕಟ್ಟುವ ಯಾರ್ಡಿನಲ್ಲಿ ಸುಪರ್ವೈಜರ್. ಸವಿತಾಗೆ ಚೊಚ್ಚಲು. ಚೊಚ್ಚಲ ಹೆರಿಗೆ ಅಂದಮೇಲೆ ತವರುಮನೆಯಲ್ಲೇ ಆಗಬೇಕು, ಅದರಲ್ಲಿ ಚರ್ಚೆಯೇ ಇಲ್ಲ. ಏಳು ತಿಂಗಳಿಗೆ ಬಂದು ಸೀಮಂತದ ಕುಬಸ ಮಾಡಿಸಿಕೊಂಡು ಇಲ್ಲೇ ಉಳಿಯುತ್ತಾಳೆ ಅಂತ ಹಸಿರು ಸೀರೆ ಕೂಡ ತಂದಿಟ್ಟಿದ್ದೆ. ಅಷ್ಟರಲ್ಲಿ ಈ ಜ್ವರ. ಬಸುರಿ ಹೆಂಗಸರಿಗೆ ಬಂದರೆ ಬಹಳ ಕಷ್ಟ, ವಿಮಾನದ ಜನಜಂಗುಳಿಯಲ್ಲಿ ಕೂರಬೇಡ ಅಂತ ಅಲ್ಲಿಯ ಡಾಕ್ಟರು ಅವಳಿಗೆ ಹೇಳಿಬಿಟ್ಟರು.

“ನೀ ಬರೂದು ಬ್ಯಾಡ, ನಾನ ಬರ್ತೇನಿ” ಅಂದೆ.

ನನ್ನ ಗಂಡ ನಕ್ಕರು. ನಮ್ಮ ಮನೆಯ ಹಿಂದೆಯೇ ನಮ್ಮ ಪವರ್‌ಲೂಮುಗಳಿವೆ. ಆ ಸದ್ದಿನಲ್ಲಿ ಮೂವತ್ತು ವರ್ಷ ನಿಂತು ಅವರ ಕಿವಿ ಮಂದ, ದನಿ ದೊಡ್ಡದು. “ನೀ ಹುಬ್ಬಳ್ಳಿ ದಾಟಿದಾಕಿ ಅಲ್ಲ, ಸಿಂಗಾಪುರಕ್ಕ ಹೊಂಟಿ ಏನ್?” ಎಂದು ಅವರು ಕೂಗಿ ಕೇಳಿದ್ದು ಓಣಿಗೆಲ್ಲ ಕೇಳಿಸಿತು. ಅವತ್ತೇ ಪಾಸ್‌ಪೋರ್ಟಿನ ಕೆಲಸಕ್ಕೆ ಅವರನ್ನು ಓಡಿಸಿದೆ.

ಕಾರಹುಣ್ಣಿವೆ ಮುಗಿಸಿಕೊಂಡು ಹೊರಟೆ. ಅಂಟಿನ ಉಂಡೆ, ಅಳವಿ, ಬಜೆ, ಉತ್ತತ್ತಿ, ಲೋಬಾನ, ಎರೆಯುವ ಎಣ್ಣೆ, ಎಲ್ಲ ಕಟ್ಟಿದೆ. ಎಲ್ಲಕ್ಕಿಂತ ಮುಖ್ಯ ಕೌದಿ. ನನ್ನ ಅತ್ತೆಯ ಸೀರೆ, ನನ್ನ ಅವ್ವನ ಸೀರೆ, ಸವಿತಾ ಸಾಲಿಗೆ ಹಾಕಿಕೊಂಡು ಹೋಗುತ್ತಿದ್ದ ಲಂಗ, ಇವನ್ನೆಲ್ಲ ಪದರು ಪದರು ಹಾಕಿ ಹೊಲಿದದ್ದು. ಹುಟ್ಟಿದ ಕೂಸು ಮೊದಲು ಮಲಗುವುದು ಅದರ ಮೇಲೆ. ಮುಂಬೈಯಲ್ಲಿ ನನ್ನ ನಾದಿನಿಯ ಮನೆಯಲ್ಲಿ ಎರಡು ದಿನ ಇದ್ದು, ವಿಮಾನ ನಿಲ್ದಾಣಕ್ಕೆ ಹೋದರೆ ಗಂಟು ಭಾರ ಆಯಿತು ಅಂದರು. ಕಳಿಸಲಿಕ್ಕೆ ಬಂದಿದ್ದ ನನ್ನ ಗಂಡ ಎಲ್ಲದಕ್ಕೂ ಒಂದು ಉಪಾಯ ಇಟ್ಟುಕೊಂಡೇ ಇರುತ್ತಾರೆ.

“ಕೌದಿ ತಗದು ಮೈಮ್ಯಾಲ ಹೊತಗೊಂಡು ಹೋಗ. ಮೈಮ್ಯಾಲಿಂದು ಯಾರೂ ತೂಕಾ ಮಾಡೂದಿಲ್ಲ.”

ಹೊತ್ತುಕೊಂಡೆ. ಮೇಲೊಂದು ಸ್ವೆಟರ್, ಕಿವಿಗೆ ಸ್ಕಾರ್ಫು. ಆಗಲೇ ಮೈ ಸ್ವಲ್ಪ ನೋಯುತ್ತಿತ್ತು. ಬಸ್ಸಿನ ದಣಿವು ಅಂದುಕೊಂಡೆ.

ವಿಮಾನದಲ್ಲಿ ಒಂದು ಚೀಟಿ ಕೊಟ್ಟರು. ಪಕ್ಕದಲ್ಲಿ ಕೂತಿದ್ದ ಮರಾಠಿ ಹೆಣ್ಣುಮಗಳು ಓದಿ ಓದಿ ಕೇಳಿ ತುಂಬಿಸಿದಳು. ಜ್ವರ ಇದೆಯೇ? ಇಲ್ಲ. ಗಂಟಲು ನೋವು? ಇಲ್ಲ. ಕೆಮ್ಮು? ಇಲ್ಲ ಅಂದೆ. ಸುಳ್ಳು ಹೇಳಲಿಲ್ಲ, ನಿಮ್ಮಾಣೆ. ನಮ್ಮ ಊರಿನಲ್ಲಿ ಕೆಮ್ಮದವರು ಯಾರಿದ್ದಾರೆ? ಮಗ್ಗದ ಮನೆಯ ಗಾಳಿಯಲ್ಲಿ ಹತ್ತಿಯ ಎಳೆ ತೇಲುತ್ತಿರುತ್ತದೆ. ಚಿಕ್ಕಂದಿನಿಂದ ಕಂಡಿಕೆಗೆ ನೂಲು ಸುತ್ತಿದ ನನ್ನ ಗಂಟಲಿನಲ್ಲಿ ಅದು ಮನೆ ಮಾಡಿಕೊಂಡಿದೆ. ಆ ಕೆಮ್ಮನ್ನು ನಾವು ಕೆಮ್ಮು ಎಂದು ಹಿಡಿಯುವುದೇ ಇಲ್ಲ. ಸವಿತಾ ಸಣ್ಣವಳಿದ್ದಾಗ ಸಾಲಿಯಿಂದ ಬಂದು, ಅಷ್ಟು ಮಗ್ಗಗಳ ಸದ್ದಿನಲ್ಲೂ ನನ್ನ ಕೆಮ್ಮು ಹಿಡಿದು, ನಾನು ಯಾವ ಮೂಲೆಯಲ್ಲಿದ್ದರೂ ಬಂದು ಸೆರಗು ಜಗ್ಗುತ್ತಿದ್ದಳು.

ಇಳಿದ ಮೇಲೆ ಎಲ್ಲರೂ ಒಬ್ಬರ ಹಿಂದೊಬ್ಬರು ಒಂದು ಕ್ಯಾಮೆರಾದ ಮುಂದೆ ಹಾದು ಹೋಗಬೇಕು. ಮೈ ಬಿಸಿ ಇದ್ದರೆ ಅದರಲ್ಲಿ ಕೆಂಪಗೆ ಕಾಣುತ್ತದಂತೆ. ನಾನು ಅದರ ಮುಂದೆ ಬರುವುದಕ್ಕೂ ಗಂಟಲು ಕೆರೆಯುವುದಕ್ಕೂ ಸರಿಹೋಯಿತು. ಕೆಮ್ಮಿದೆ. ನಮ್ಮ ಕೆಮ್ಮು ಒಂದು ಸಲಕ್ಕೆ ನಿಲ್ಲುವಂಥದ್ದಲ್ಲ. ಹಿಂದಿದ್ದವರು ಸರಕ್ಕನೆ ದೂರ ಸರಿದರು. ಚೀಟಿ ತುಂಬಿಸಿಕೊಟ್ಟ ಹೆಣ್ಣುಮಗಳೂ ಸರಿದಳು.

ಮುಖ ಮುಚ್ಚಿಕೊಂಡ ಒಬ್ಬಾಕೆ ಬಂದು ನನ್ನನ್ನು ಬದಿಗೆ ಕರೆದಳು. ಕೌದಿ ಬಿಚ್ಚಿಸಿದರು, ಸ್ವೆಟರ್ ತೆಗೆಸಿದರು, ಕುರ್ಚಿ ಕೊಟ್ಟು ಕೂರಿಸಿದರು. ಹೊರಗಿನಿಂದ ಬಂದವರಿಗೆ ನಾನು ಏನು ಮಾಡಿಸುತ್ತಿದ್ದೆನೋ ಅದನ್ನೇ ಅವರು ನನಗೆ ಮಾಡಿಸುತ್ತಿದ್ದರು, ಮೈ ಆರಲಿ ಎಂದು ಕಾಯುತ್ತಿದ್ದರು. ಆದರೆ ಮೈ ಆರಲಿಲ್ಲ. ಕಿವಿಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರು, ಜ್ವರ. ಮತ್ತೆ ನೋಡಿದರು, ಜ್ವರ. ಹಿಂದಿ ಬಲ್ಲವನೊಬ್ಬನನ್ನು ಕರೆಸಿ, ನಿಮ್ಮನ್ನು ದವಾಖಾನೆಗೆ ಕರೆದೊಯ್ಯುತ್ತೇವೆ, ಇದು ಇಲ್ಲಿಯ ನಿಯಮ ಅಂದರು.

“ನನ್ನ ಅಳಿಯ ಹೊರಗ ನಿಂತಾನ, ಮಗಳು ಬಸರಿ ಅದಾಳ, ನಾ ಬಾಣಂತನಕ್ಕ ಬಂದೇನಿ” ಎಂದು ಕನ್ನಡದಲ್ಲೇ ಕೂಗಾಡಿದೆ. ಹಾಗಾದರೆ ನನ್ನನ್ನು ತಿರುಗಿ ನಮ್ಮೂರಿಗಾದರೂ ಕಳಿಸಿರಿ ಅಂದೆ. ಜ್ವರ ಇದ್ದವರನ್ನು ವಿಮಾನದಲ್ಲಿ ಕೂರಿಸುವುದೂ ಇಲ್ಲವಂತೆ. ಒಳಗೆ ಬಿಡುವುದಿಲ್ಲ, ಹೊರಗೆ ಕಳಿಸುವುದಿಲ್ಲ. ನನ್ನ ಕೌದಿಯನ್ನು ಕೈಗವಸು ಹಾಕಿಕೊಂಡು ಹಿಡಿದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಕಟ್ಟಿದರು. ಆಗ ಮಾತ್ರ ನನಗೆ ಅಳು ತಡೆಯಲಿಲ್ಲ. ಬೇರೆ ಬಾಗಿಲಿನಿಂದ ಆ್ಯಂಬುಲೆನ್ಸಿಗೆ ಹತ್ತಿಸಿದರು. ಅಳಿಯ ಇನ್ನೊಂದು ಬಾಗಿಲಿನಲ್ಲಿ ನನ್ನ ದಾರಿ ಕಾಯುತ್ತಲೇ ಇದ್ದ.

ಒಬ್ಬರಿಗೇ ಒಂದು ಕೋಣೆ. ಬೆಳ್ಳಗೆ ಸ್ವಚ್ಛ, ಹಾಸಿಗೆ ಮೆತ್ತಗೆ, ಹೆಸರಿಡಲು ಏನೂ ಇಲ್ಲ. ಆದರೆ ಸದ್ದೇ ಇಲ್ಲ! ನಾನು ಹುಟ್ಟಿದ್ದು ಮಗ್ಗದ ಮನೆಯಲ್ಲಿ, ಕೊಟ್ಟಿದ್ದು ಮಗ್ಗದ ಮನೆಗೆ. ಖಟಖಟ ಸದ್ದು ಇದ್ದರೇ ನಮಗೆ ನಿದ್ದೆ. ನಮ್ಮಲ್ಲಿ ಮಗ್ಗ ನಿಂತರೆ ಎರಡೇ ಅರ್ಥ, ಕರೆಂಟು ಹೋಗಿರಬೇಕು, ಇಲ್ಲ ಮನೆಯಲ್ಲಿ ಯಾರಾದರೂ ಹೋಗಿರಬೇಕು. ಆ ಕೋಣೆಯಲ್ಲಿ ದೀಪ ಉರಿಯುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಜ್ವರದ ಮಂಪರಿನಲ್ಲಿ ಯಾರು ಸತ್ತರು, ಯಾರು ಸತ್ತರು ಎಂದು ಕೇಳುತ್ತ ಏಳುತ್ತಿದ್ದೆ.

ಮೂಗಿನೊಳಗೆ ಕಡ್ಡಿ ಹಾಕಿ ತೆಗೆದುಕೊಂಡು ಹೋದರು. ಹಂದಿಜ್ವರವೇ ಅಂತ ಬಂತು. ಮುಂಬೈಯಲ್ಲಿ ಹತ್ತಿತೋ ದಾರಿಯಲ್ಲಿ ಹತ್ತಿತೋ ಆ ಶಿವನಿಗೇ ಗೊತ್ತು. ಮೈಕೈಯೆಲ್ಲ ಬಡಿಗೆಯಿಂದ ಬಡಿದ ಹಾಗೆ ನೋವು. ಗುಳಿಗೆ ನುಂಗಿದರೆ ವಾಂತಿ. ನೋಡಿಕೊಳ್ಳಲು ಬರುತ್ತಿದ್ದ ನರ್ಸು ತಮಿಳಿನವಳು, ಹೆಸರು ಸೆಲ್ವಿ. ತಲೆಗೆ ಟೊಪ್ಪಿ, ಮೂಗುಬಾಯಿಗೆ ಮುಸುಕು, ಮೈಗೆ ನಿಲುವಂಗಿ, ಕಣ್ಣು ಎರಡು ಬಿಟ್ಟರೆ ಏನೂ ಕಾಣದು. ಅವಳ ಮಾತು ನನಗೆ ತಿಳಿಯದು, ನನ್ನದು ಅವಳಿಗೆ ತಿಳಿಯದು. “ಅಮ್ಮಾ” ಒಂದು ಇಬ್ಬರಿಗೂ ತಿಳಿಯುತ್ತಿತ್ತು. ನಾನು ಊಟ ಬೇಡ ಎಂದು ಗೋಡೆಗೆ ಮುಖ ಮಾಡಿದರೆ ಅವಳು ಕೈಗವಸಿನ ಕೈಯಲ್ಲೇ ಗಂಜಿ ಕಲಸಿ ಬಾಯಿಗೆ ಹಿಡಿಯುತ್ತಿದ್ದಳು. ಇವತ್ತು ಎದುರಿಗೆ ಬಂದು ನಿಂತರೂ ಅವಳ ಗುರುತು ಹತ್ತುವುದಿಲ್ಲ. ಬಹಳ ಕೆಟ್ಟನ್ನಿಸುತ್ತದೆ.

ಅಳಿಯ ಗೇಟಿನಲ್ಲಿ ನನಗೊಂದು ಫೋನು ಕೊಟ್ಟು ಹೋಗಿದ್ದ. ಮೊದಲ ದಿನ ಸವಿತಾ ಫೋನಿನಲ್ಲಿ ಜಗಳವನ್ನೇ ತೆಗೆದಳು.

“ಅವ್ವಾ, ನಾ ನಿನ್ನ ನೋಡಾಕ ಬರ್ತೇನಿ. ಕಿಡಕಿ ಕನ್ನಡಿ ಹೊರಗ ನಿಂತು ನೋಡ್ತೇನಿ.”

“ಇತ್ತಾಗ ಕಾಲಿಟ್ಟಿ ಅಂದ್ರ ಕಾಲು ಮುರೀತೇನಿ. ನಿನ್ನ ಗಂಡನ್ನೂ ಕಳಸಬ್ಯಾಡ.”

“ನೀ ಒಬ್ಬಾಕೀನ ಹೆಂಗ ಇರ್ತಿ ಬೇ?”

“ಇರ್ತೇನಿ. ನನಗೇನಾಗೈತಿ ಧಾಡಿ?” ಅಂದೆ. ಫೋನು ಇಟ್ಟ ಮೇಲೆ ಹಾಸಿಗೆಯ ಚಾದರ ಬಾಯಿಗೆ ತುರುಕಿಕೊಂಡು ಅತ್ತೆ.

ಸಿಟ್ಟು ಇಳಿದ ಮೇಲೆ ಬಂದದ್ದು ಹೆದರಿಕೆ. ಆ ಕ್ಯಾಮೆರಾ ನನ್ನನ್ನು ಹಿಡಿಯದೇ ಇದ್ದಿದ್ದರೆ? ಅಳಿಯನ ಜೊತೆ ಕಾರಿನಲ್ಲಿ ಕೂತು, ಮನೆಗೆ ಹೋಗಿ, ಬಾಗಿಲಲ್ಲೇ ಮಗಳನ್ನು ತಬ್ಬಿಕೊಂಡು, ಮುಖಕ್ಕೆ ಮುಖ ಕೊಟ್ಟು ಮುದ್ದು ಮಾಡಿರುತ್ತಿದ್ದೆ. ಓಣಿಗೆಲ್ಲ ನಿಯಮ ಹೇಳುವವಳು ನನ್ನ ಮಗಳ ಹೊಸ್ತಿಲಲ್ಲಿ ನಿಲ್ಲುತ್ತಿದ್ದೆನೇ? ನಿಲ್ಲುತ್ತಿರಲಿಲ್ಲ. ನೆನೆಸಿಕೊಂಡರೆ ಜ್ವರದ ಮೈಯೂ ತಣ್ಣಗಾಗುತ್ತಿತ್ತು. ಹಾಗಂತ ಹಿಡಿದವರಿಗೆ ಕೈಮುಗಿಯುವಷ್ಟು ದೊಡ್ಡ ಮನಸ್ಸೂ ಆಗ ಬರಲಿಲ್ಲ. ಅದೂ ಬೇಡ, ಇದೂ ಬೇಡ, ಸುಮ್ಮನೆ ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದರೆ ಸಾಕಿತ್ತು ಅನ್ನಿಸುತ್ತಿತ್ತು.

ದಿನ ತುಂಬುವ ಮೊದಲೇ ಸವಿತಾಗೆ ಬೇನೆ ಶುರುವಾಯಿತು. ನಾನು ಬೆಳಗಿನ ಗುಳಿಗೆ ನುಂಗಿ ಕೂತಿದ್ದೆ, ಅಳಿಯನ ಫೋನು ಬಂತು.

“ಅತ್ತೀ, ನೀರು ಹೋಗ್ಯಾವು. ದವಾಖಾನಿಗೆ ಹೊಂಟೇವಿ. ಇನ್ನ ಫೋನ್ ಬಂದ್ ಇರತೈತ್ರಿ, ಗಾಬರಿ ಆಗಬ್ಯಾಡ್ರಿ.”

“ಅಳಿಯಂದ್ರ, ಆಕೀಗೆ ಸೊಂಟಾ ತಿಕ್ಕಾಕ ಯಾರಾರ ಅದಾರೇನ್ರಿ?” ಎಂದು ಕೇಳಿದೆ. ಅಷ್ಟರಲ್ಲಿ ಇಟ್ಟಿದ್ದ.

ಎಷ್ಟು ಮನೆಗಳ ಬೇನೆ ನಾನು ಹೊತ್ತಿಲ್ಲ! ಎಷ್ಟು ಹುಡುಗಿಯರು ನನ್ನ ಕೈ ಹಿಚುಕಿ ಹಡೆದಿಲ್ಲ! ಅದೇ ಊರಿನಲ್ಲಿ ನನ್ನ ಮಗಳು ಒದ್ದಾಡುತ್ತಿದ್ದಾಳೆ, ನಾನು ಇಲ್ಲಿ ಎರಡು ಬಾಗಿಲುಗಳ ಹಿಂದೆ. ಎದ್ದು ಬಾಗಿಲ ತನಕ ಹೋದೆ. ಬಡಿದೆ. ಸೆಲ್ವಿ ಓಡಿಬಂದಳು. “ಮಗಳು, ಮಗಳು” ಎಂದು ಹೊಟ್ಟೆಯ ಮುಂದೆ ಕೈ ದುಂಡಗೆ ಮಾಡಿ ತೋರಿಸಿದೆ. ಅವಳಿಗೆ ತಿಳಿಯಿತು. ಬೆನ್ನು ಸವರಿದಳು, ತಲೆ ಅಲ್ಲಾಡಿಸಿದಳು, ಬಿಡಲಿಲ್ಲ. ಅವಳ ಕಾಲು ಹಿಡಿದೆ. ಖರೆ ಹೇಳುತ್ತೇನೆ, ನನ್ನ ಮಗಳ ವಯಸ್ಸಿನ ಹುಡುಗಿಯ ಕಾಲು ಹಿಡಿದೆ. ಅವಳೂ ಕೆಳಗೆ ಕೂತು ಅತ್ತಳು, ಬಿಡಲಿಲ್ಲ.

ಊಟದ ಹೊತ್ತು ಮೀರಿತು. ಅಳಿಯನಿಗೆ ಎಷ್ಟು ಸಲ ಹಚ್ಚಿದರೂ ಬಂದ್. ನಮ್ಮ ಮನೆದೇವರ ಹೆಸರು ಹೇಳಿ ಹೇಳಿ ನಾಲಿಗೆ ಒಣಗಿತು. ಆಮೇಲೆ ಫೋನು ಬಡಿದುಕೊಂಡಿತು. ಅಳಿಯನದಲ್ಲ, ಬನಹಟ್ಟಿಯದು.

“ಹಲೋ” ಅಂದರು ನನ್ನ ಗಂಡ. ಅವರು ಕೂಗಲಿಲ್ಲ. ಮೆಲ್ಲಗೆ ಅಂದರು. ಮತ್ತೆ ಅವರ ಹಿಂದೆ ಏನೂ ಸದ್ದಿರಲಿಲ್ಲ. ಒಂದು ಮಗ್ಗವೂ ಓಡುತ್ತಿರಲಿಲ್ಲ.

ನಿಂತಲ್ಲೇ ನೆಲಕ್ಕೆ ಕೂತೆ.

“ಕರೆಂಟ್ ಹೋಗೈತೇನ್ರಿ?” ಅಂದೆ. ಹೌದು ಅನ್ನಲಿ, ಶಿವನೇ, ಹೌದು ಅನ್ನಲಿ.

“ಇಲ್ಲ, ಕರೆಂಟ್ ಐತಿ.”

“ಮತ್ತ ಮಗ್ಗಾ ಯಾಕ ನಿಂತಾವು? ಯಾಕ ನಿಂತಾವು ಹೇಳ್ರಿ! ಸವಿತಾಗ ಏನಾತು?”

“ಏ ಹುಚ್ಚಿ, ಏನೂ ಆಗಿಲ್ಲ. ಕೇಳಿಲ್ಲೆ. ಸವಿತಾ ಹಡದಾಳ. ಹೆಣ್ಣಕೂಸು. ಇಬ್ಬರೂ ಆರಾಮ ಅದಾರ. ಬಸವರಾಜ ನಿನ್ನ ಫೋನಿಗೆ ಹಚ್ಚಿ ಹಚ್ಚಿ, ಬರೇ ಬಿಜಿ ಬಂದು ಸಾಕಾಗಿ ನನಗ ಹಚ್ಚಿದಾ. ಕೂಸಿನ ದನಿ ಕೇಳಸ್ತೇನ್ರಿ ಮಾವಾರ ಅಂದಾ. ನನ್ನ ಕಿವಿ ನಿನಗ ಗೊತ್ತೈತಲ್ಲ, ಏನೂ ಕೇಳಸವಲ್ದು. ಅದಕ್ಕ ಎಲ್ಲಾ ಮಗ್ಗಾ ಬಂದ್ ಮಾಡಿಸಿದೆ. ಬಾಜೂ ಮನಿಯವರಿಗೂ ಹೇಳಿದೆ, ಅವರೂ ಬಂದ್ ಮಾಡಿದ್ರು.” ಅವರ ದನಿ ಒಡೆಯಿತು. “ಕೇಳಿಸ್ತು ಶಾಂತಾ. ಭಾಳ ಛಲೋ ಅಳತೈತಿ.”

ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಬೈದದ್ದು ನೆನಪಿದೆ. “ನನ್ನ ಜೀವಾ ತಗದ್ರಲ್ರಿ! ಮೊದಲ ಹೋಗಿ ಮಗ್ಗಾ ಚಾಲೂ ಮಾಡ್ರಿ” ಎಂದು ಚೀರಿದೆ. ಅವರು ಫೋನು ಹಿಡಿದುಕೊಂಡೇ ಹೋದರು. ಒಂದೊಂದೇ ಮಗ್ಗ ಶುರುವಾಗುವುದು ನನಗೆ ಕೇಳಿಸಿತು. ಆ ಸದ್ದು ಕೇಳುತ್ತ, ಫೋನು ಕಿವಿಗೆ ಇಟ್ಟುಕೊಂಡೇ ನೆಲದ ಮೇಲೆ ನಿದ್ದೆ ಹೋದೆನಂತೆ. ಸೆಲ್ವಿ ಎಬ್ಬಿಸಿ ಹಾಸಿಗೆಗೆ ಹತ್ತಿಸಿದಳು.

ಜ್ವರ ಬಿಟ್ಟಿತು. ಅವರು ನನ್ನನ್ನು ಬಿಡಲು ಇನ್ನೂ ದಿನ ಹಿಡಿಯಿತು. ಆ ದೇಶದಲ್ಲಿ ಇರಲು ಕೊಟ್ಟಿದ್ದ ದಿನಗಳಲ್ಲಿ ಅರ್ಧಕ್ಕೆ ಹತ್ತಿರ ಹಾಸಿಗೆಯಲ್ಲೇ ಕಳೆದವು. ಬಿಡುವಾಗ ಡಾಕ್ಟರು, ನಿಮಗೆ ಗುಣವಾಗಿದೆ, ಆದರೂ ಹಸುಗೂಸು ಇರುವ ಮನೆ, ಇನ್ನು ಕೆಲವು ದಿನ ದೂರ ಇದ್ದರೆ ಒಳ್ಳೆಯದು ಎಂದು ಅಳಿಯನಿಗೆ ಹೇಳಿದರು. ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ಗೆಳೆಯನೊಬ್ಬನ ಕೋಣೆ ಇತ್ತು, ಅವನು ಊರಿಗೆ ಹೋಗಿದ್ದ. ಅಲ್ಲಿ ನನ್ನ ವಾಸ. ಕೌದಿಯನ್ನು ತಿರುಗಿ ಕೊಟ್ಟರು. ಕುದಿಯುವ ನೀರಿನಲ್ಲಿ ಒಗೆದು ನನ್ನ ಅವ್ವನ ಸೀರೆಯ ಕೆಂಪು ಸವಿತಾಳ ಲಂಗಕ್ಕೆಲ್ಲ ಹತ್ತಿಬಿಟ್ಟಿತ್ತು.

“ಒಂದ ಸಲ, ದೂರದಿಂದ ತೋರಸ್ರಿ” ಎಂದು ಅಳಿಯನಿಗೆ ಕೇಳಿಕೊಂಡೆ. ನಾನು ಯಾರಿಗೂ ಏನನ್ನೂ ಕೇಳಿಕೊಂಡವಳಲ್ಲ. ಅವನು ಸವಿತಾಗೆ ಮೊದಲೇ ಹೇಳಿಟ್ಟು, ಕಾಲು ತೊಳೆಸಿ, ಬಾಯಿಗೆ ಮುಸುಕು ಕಟ್ಟಿಸಿ, ಮೇಲೆ ಕರೆದೊಯ್ದ.

ಬಾಗಿಲು ತೆರೆದಿತ್ತು. ಒಳಗೆ ಸವಿತಾ ನಿಂತಿದ್ದಳು. ಕಿವಿಗೆ ಅರಿವೆ ಕಟ್ಟಿಕೊಂಡಿದ್ದಳು, ತಾನೇ ಕಟ್ಟಿಕೊಂಡದ್ದು, ಗಂಟು ನೆತ್ತಿಯ ಮೇಲೆ ಬಂದಿತ್ತು. ಮುಖ ಬಿಳಿಚಿ ಸಣ್ಣದಾಗಿತ್ತು. ತೋಳಿನಲ್ಲಿ ಕೂಸು. ನಾನು ಹೊಸ್ತಿಲಿನಿಂದ ಹಿಂದೆಯೇ ನಿಂತೆ.

“ಅವ್ವಾ” ಅಂದಳು.

“ಗಂಟ ಗದ್ದದ ಕೆಳಗ ಬರಬೇಕು. ಎಷ್ಟ ಸಲ ನೋಡಿ, ಅಷ್ಟೂ ತಿಳೀಲಿಲ್ಲ?” ಅಂದೆ.

ಅವಳು ಕಣ್ಣೊರೆಸಿಕೊಂಡು ನಕ್ಕಳು. ಕೂಸನ್ನು ನನಗೆ ಕಾಣುವ ಹಾಗೆ ಸ್ವಲ್ಪ ಎತ್ತಿ ಹಿಡಿದಳು. ನನ್ನ ಅತ್ತೆಯದೇ ಮೂಗು. ನೋಡಬೇಕೆಂದು ಕತ್ತು ಮುಂದೆ ಚಾಚಿದೆ. ಅಷ್ಟರಲ್ಲಿ ಗಂಟಲು ಕೆರೆಯಿತು. ತಡೆದೆ, ತಡೆದೆ, ಕಣ್ಣಲ್ಲಿ ನೀರು ಬಂತು, ತಡೆಯಲಾಗಲಿಲ್ಲ. ಕೆಮ್ಮಿದೆ. ಜ್ವರದ ಕೆಮ್ಮಲ್ಲ, ಸವಿತಾ ಸಣ್ಣವಳಿದ್ದಾಗ ಹುಡುಕಿಕೊಂಡು ಓಡಿ ಬರುತ್ತಿದ್ದಳಲ್ಲ, ಅದೇ ಕೆಮ್ಮು.

ಸವಿತಾ ಕೂಸಿನ ಮುಖಕ್ಕೆ ಸೆರಗು ಮುಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು.

ಸರಿದದ್ದು ಅವಳಿಗೇ ಆಮೇಲೆ ಗೊತ್ತಾಯಿತು. ಅಳು ಕಿತ್ತು ಬಂತು. “ಅವ್ವಾ, ನಾ ಬೇಕಂತ...” ಅಂದಳು.

“ಅಳಬ್ಯಾಡ. ಹಸೀ ಮೈ ಐತಿ, ಅಳಬಾರದು” ಅಂದೆ. “ಛಲೋ ಮಾಡಿದಿ ನನ್ನವ್ವ. ಇನ್ನೊಂದ ಹೆಜ್ಜಿ ಹಿಂದ ಸರಿ.”

ಅವಳು ಸರಿದಳು.